ಮೊದಲು ಎತ್ತಬೇಕಾದದ್ದು ಲಾರಿ: ಮೇ ಮಳೆಗೆ ಸಿಕ್ಕ ಮೇಳದ ಎರಡು ರಾತ್ರಿ

ಯಕ್ಷಗಾನ ಮೇಳದ ತಿರುಗಾಟ ದೀಪಾವಳಿ ಕಳೆದು ಶುರುವಾದರೆ ಮುಗಿಯುವುದು ಪತ್ತನಾಜೆಗೆ. ತುಳುವಿನ ಬೇಶ ತಿಂಗಳ ಹತ್ತನೇ ದಿನ ಅದು, ಸಾಮಾನ್ಯವಾಗಿ ಮೇ 24 ಅಥವಾ 25. ಹತ್ತಿರಹತ್ತಿರ ಆರು ತಿಂಗಳು ದಿನಕ್ಕೊಂದು ಊರು. ನವೆಂಬರಿನ ಮೊದಲ ವಾರಗಳನ್ನು ಬಿಟ್ಟರೆ ಮಳೆಯ ಭಯ ಇರುವುದು ಕೊನೆಯ ನಲವತ್ತು ದಿನಗಳಲ್ಲೇ. ಅಷ್ಟು ಹೊತ್ತಿಗೆ ಕಲಾವಿದರಿಗೆ ನಿದ್ದೆಯ ಸಾಲ ಬೆಳೆದಿರುತ್ತದೆ, ಪೆಟ್ಟಿಗೆಗಳ ಕೊಂಡಿ ಸಡಿಲವಾಗಿರುತ್ತದೆ, ಲಾರಿಯ ಟಯರಿನ ಗೆರೆ ಸವೆದಿರುತ್ತದೆ.

ಇಲ್ಲಿ ಬಿಡಿಸಿ ಹೇಳಿರುವುದು ತೆಂಕುತಿಟ್ಟಿನ, ಅಂದರೆ ಯಕ್ಷಗಾನದ ತೆಂಕಣ ಶೈಲಿಯ, ಒಂದು ಹರಕೆ ಮೇಳದ (ಭಕ್ತರು ಹರಕೆಯಾಗಿ ಆಡಿಸುವ ಆಟದ ಮೇಳ) ಮಾದರಿ ಪ್ರಕರಣ. ಮೇ ಎರಡನೇ ವಾರದಲ್ಲಿ ದಕ್ಷಿಣ ಕನ್ನಡದ ಯಾವ ಮೇಳಕ್ಕೂ ಬರಬಹುದಾದ ಪರಿಸ್ಥಿತಿ ಇದು, ಹಾಗಾಗಿ ಹೆಸರಿನ ಅಗತ್ಯವಿಲ್ಲ. ಮೊದಲ ರಾತ್ರಿ ಬೆಳ್ತಂಗಡಿ ತಾಲೂಕಿನಲ್ಲಿ, ಘಟ್ಟದ ಬುಡದ ಹಳ್ಳಿಯೊಂದರ ಗದ್ದೆಯಲ್ಲಿ ಆಟ. ಮರುರಾತ್ರಿ ವೇಣೂರು ದಾಟಿ ಮೂಡುಬಿದಿರೆ ಕಡೆ, 45 ಕಿಲೋಮೀಟರ್ ದೂರ. ಹಿಮ್ಮೇಳದ ಹಾಡು-ವಾದ್ಯದವರು, ಮುಮ್ಮೇಳದ ವೇಷಧಾರಿಗಳು, ಕೆಲಸದವರು, ಚಾಲಕರು ಸೇರಿ 45 ಮಂದಿ. ಪೆಟ್ಟಿಗೆ 22. ರಂಗಸ್ಥಳದ ಕಬ್ಬಿಣದ ಕಂಬ, ಹಲಗೆ, ಜನರೇಟರ್, ಪೆಟ್ಟಿಗೆ ಎಲ್ಲಕ್ಕೂ ಒಂದೇ ಲಾರಿ. ಕಲಾವಿದರಿಗೆ ಒಂದು ಬಸ್ಸು. ಹತ್ತಿರದ ಊರಿನ ಕೆಲವರು ಬೈಕಿನಲ್ಲಿ ಬಂದು ಹೋಗುವವರು.

ಆಟ ಕಾಲಮಿತಿಯದು, ಸಂಜೆ 6ರಿಂದ ರಾತ್ರಿ 12:30. ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಧ್ವನಿವರ್ಧಕ ಬಳಸಬಾರದೆನ್ನುವ 2000ದ ಶಬ್ದಮಾಲಿನ್ಯ ನಿಯಮ ಬಿಗಿಯಾಗುತ್ತ ಬಂದಂತೆ ಹಲವು ಮೇಳಗಳು ಬೆಳಗಿನವರೆಗಿನ ಆಟ ಬಿಟ್ಟು ಈ ಕ್ರಮಕ್ಕೆ ಬಂದಿವೆ. ಅದರಿಂದ ನಿದ್ದೆ ಸಿಕ್ಕಿತು ಎಂದು ಹೊರಗಿನವರು ಹೇಳುವುದುಂಟು. ಸಿಕ್ಕಿದ್ದು ನಿಜ. ಆದರೆ ಬೆಳಕು ಹರಿದ ಮೇಲೆ ಸಾಮಾನು ಕಟ್ಟುತ್ತಿದ್ದ ಮೇಳ ಈಗ ನಡುರಾತ್ರಿಯ ಕತ್ತಲಲ್ಲಿ ಕಟ್ಟುತ್ತದೆ. ಈ ಪ್ರಕರಣಕ್ಕೆ ಆ ಕತ್ತಲೂ ಒಂದು ಕಾರಣ.

ಮಧ್ಯಾಹ್ನ ಮಾಡಿದ ಮೂರು ತಪ್ಪು

ಮಳೆ ಬಿದ್ದದ್ದು ರಾತ್ರಿ 9:15ಕ್ಕೆ. ಕೆಟ್ಟದ್ದು ಮಾತ್ರ ಮಧ್ಯಾಹ್ನ 3:30ಕ್ಕೆ, ಲಾರಿ ಗದ್ದೆಗೆ ಇಳಿದಾಗಲೇ. ಕೊಯ್ಲಾದ ಗದ್ದೆ ಕಲ್ಲಿನಂತೆ ಗಟ್ಟಿಯಾಗಿತ್ತು. ಡಾಂಬರು ರಸ್ತೆಯಿಂದ ಚೌಕಿಗೆ, ಅಂದರೆ ವೇಷ ಕಟ್ಟುವ ಚಪ್ಪರಕ್ಕೆ, 150 ಮೀಟರ್. ಪೆಟ್ಟಿಗೆ ಹೊರುವ ಕಷ್ಟ ಉಳಿಯಲಿ ಎಂದು ಲಾರಿಯನ್ನು ಚೌಕಿಯ ಬೆನ್ನಿಗೇ ತಂದು ನಿಲ್ಲಿಸಿದರು. ‘ಗದ್ದೆ ಒಣಗಿಯೇ ಉಂಟಲ್ಲ ಮಾರಾಯ್ರೆ, ಇವತ್ತೆಂಥ ಮಳೆ?’ ಎಂದವರು ಸೇವಾಕರ್ತರ, ಅಂದರೆ ಆಟ ಆಡಿಸುವ ಹರಕೆಯ ಮನೆಯವರ, ಕಡೆಯವರು. ಮೇಳದವರೂ ಬೇಡ ಅನ್ನಲಿಲ್ಲ.

ಎರಡನೆಯದು ಚೌಕಿಯ ಮಾಡು. ಅಡಿಕೆ ಮರದ ಕಂಬ ನೆಟ್ಟು ಮೇಲೆ ಟರ್ಪಾಲು ಕಟ್ಟಿದ್ದರು, ಆದರೆ ಚಪ್ಪಟೆಯಾಗಿ. ನಡುವಿಗೆ ಉದ್ದಕ್ಕೊಂದು ಎತ್ತರದ ಅಡ್ಡೆ ಕೊಟ್ಟು ಎರಡೂ ಕಡೆ ಇಳಿಜಾರು ಮಾಡಿರಲಿಲ್ಲ. ಲೆಕ್ಕ ಹಾಕಿ ನೋಡಿ: ಹತ್ತಡಿಗೆ ಹತ್ತಡಿ ಟರ್ಪಾಲಿನ ಮೇಲೆ ಎರಡು ಇಂಚು ನೀರು ನಿಂತರೆ ಸುಮಾರು 470 ಲೀಟರ್, ಅಂದರೆ ಅಷ್ಟೇ ಕಿಲೋ ಭಾರ. ನೀರು ನಿಂತಷ್ಟೂ ಟರ್ಪಾಲು ಜಗ್ಗುತ್ತದೆ, ಜಗ್ಗಿದಷ್ಟೂ ಇನ್ನಷ್ಟು ನೀರು ಅಲ್ಲಿಗೇ ಬರುತ್ತದೆ. ಕೊನೆಗೆ ಹರಿಯುವುದು ಮೂಲೆಯ ಕಣ್ಣು. 20 ಅಡಿ ಅಗಲದ ಚೌಕಿಗೆ ನಡುವಿನ ಎತ್ತರ ಅಂಚಿಗಿಂತ ನಾಲ್ಕಡಿಯಾದರೂ ಹೆಚ್ಚಿದ್ದರೆ ಈ ತಾಪತ್ರಯ ಇಲ್ಲ. ಚೌಕಿಯ ಸುತ್ತ ಗೇಣುದ್ದ ಆಳದ ಕಣಿ ತೋಡಿ ಇಳಿಜಾರಿನ ಕಡೆ ಬಿಟ್ಟಿದ್ದರೆ ನೆಲದ ನೀರೂ ಒಳಗೆ ಬರುತ್ತಿರಲಿಲ್ಲ. ಇಬ್ಬರಿಗೆ ಅರ್ಧ ಗಂಟೆಯ ಕೆಲಸ.

ಮೂರನೆಯದು ವಿದ್ಯುತ್ತು. ರಂಗಸ್ಥಳಕ್ಕೂ ಚೌಕಿಗೂ ಒಂದೇ ಲೈನು. ಮಳೆ ಬಂದಾಗ ಕಬ್ಬಿಣದ ಕಂಬದ ರಂಗಸ್ಥಳದ ಕರೆಂಟು ತೆಗೆಯಲೇಬೇಕು. ಒದ್ದೆ ಹಲಗೆ, ಬರಿಗಾಲು, ಕಂಬಕ್ಕೆ ಸುತ್ತಿದ ವಯರು ಒಂದೆಡೆ ಸೇರಿದರೆ ಜೀವಕ್ಕೇ ಕುತ್ತು. ಅದನ್ನು ತೆಗೆದ ಕೂಡಲೇ ಚೌಕಿಯೂ ಕತ್ತಲಾಯಿತು. ಎರಡು ಲೈನು, ಎರಡು ಸ್ವಿಚ್ಚು, ಎರಡಕ್ಕೂ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ಲೈನು ಕಡಿಯುವ ಸ್ವಿಚ್ಚು), ಅದರ ಮೇಲೆ ನಾಲ್ಕು ಚಾರ್ಜಿನ ದೀಪ: ಮೇಳದ ಪೆಟ್ಟಿಗೆಯಲ್ಲಿ ಇಷ್ಟು ಇರಲೇಬೇಕು. ಇವರಲ್ಲಿದ್ದದ್ದು ಎರಡು ದೀಪ, ಅದರಲ್ಲಿ ಒಂದು ಚಾರ್ಜಾಗಿರಲಿಲ್ಲ.

ಮಿಂಚಿಗೂ ಮಳೆಗೂ ನಡುವಿನ ಐವತ್ತು ನಿಮಿಷ

ಮೇ ತಿಂಗಳ ಗುಡುಗಿನ ಮಳೆ ಕರಾವಳಿಗೆ ಮೂಡಣದಿಂದ, ಘಟ್ಟದ ಕಡೆಯಿಂದ ಇಳಿಯುತ್ತದೆ. ಅಂದು 8:25ಕ್ಕೇ ಮೂಡಣದಲ್ಲಿ ಮಿಂಚು ಕಂಡಿತ್ತು. ಮಿಂಚು ಕಂಡಲ್ಲಿಂದ ಗುಡುಗು ಕೇಳುವವರೆಗೆ ಎಣಿಸಬೇಕು, ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಅಂತರ 30 ಸೆಕೆಂಡಿಗೆ ಇಳಿಯಿತೆಂದರೆ ಸಿಡಿಲು ಹತ್ತು ಕಿಲೋಮೀಟರ್ ಒಳಗೆ ಬಂದಿದೆ. ಬಯಲಿನಲ್ಲಿ ಎತ್ತರದ ಕಬ್ಬಿಣದ ಕಂಬ ನಿಲ್ಲಿಸಿಕೊಂಡವರು ಆಗ ಕಾದು ಕೂರುವಂತಿಲ್ಲ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನ ‘ದಾಮಿನಿ’ ಆ್ಯಪ್ ನಾವಿದ್ದಲ್ಲಿಂದ 20 ಮತ್ತು 40 ಕಿಲೋಮೀಟರ್ ವ್ಯಾಪ್ತಿಯ ಸಿಡಿಲಿನ ಮುನ್ಸೂಚನೆ ಕೊಡುತ್ತದೆ. ವ್ಯವಸ್ಥಾಪಕರ ಫೋನಿನಲ್ಲಿ ಅದಿದ್ದರೆ ಎಣಿಸುವ ಶ್ರಮವೂ ಉಳಿಯುತ್ತದೆ.

8:50ಕ್ಕೆ ಅಂತರ 30 ಸೆಕೆಂಡಿಗೆ ಬಂದಿತ್ತು. ರಂಗದಲ್ಲಿ ‘ದೇವಿಮಹಾತ್ಮೆ’ ನಡೆಯುತ್ತಿತ್ತು, ಹರಕೆಯಾಟಗಳಲ್ಲಿ ಹೆಚ್ಚು ಬೇಡಿಕೆಯ ಪ್ರಸಂಗ. ಚೌಕಿಯಲ್ಲಿ ಮಹಿಷಾಸುರನ ಮುಖದ ಬಣ್ಣಗಾರಿಕೆ ಮುಗಿಯುತ್ತ ಬಂದಿತ್ತು. ಆ 25 ನಿಮಿಷದಲ್ಲಿ ಮಾಡಬೇಕಿದ್ದ ಕೆಲಸ ಒಂದೇ: ಖಾಲಿ ಲಾರಿಯನ್ನು ಡಾಂಬರು ರಸ್ತೆಗೆ ಏರಿಸುವುದು. ಚಾಲಕ ಅದರೊಳಗೆ ಮಲಗಿದ್ದರು. ಅವರನ್ನು ಎಬ್ಬಿಸಲು ಯಾರಿಗೂ ಮನಸ್ಸಾಗಲಿಲ್ಲ, ಆಟದ ಹೊತ್ತಿನಲ್ಲಿ ಚಾಲಕರನ್ನು ಎಬ್ಬಿಸಬಾರದೆನ್ನುವುದು ಮೇಳದ ಒಳ್ಳೆಯ ಪದ್ಧತಿ. ಒಳ್ಳೆಯ ಪದ್ಧತಿಯೇ ಇಲ್ಲಿ ಕೈಕೊಟ್ಟಿತು.

ಮಳೆ ಬಂದರೆ ಮೊದಲು ಕಿರೀಟ ಉಳಿಸು, ಚೆಂಡೆ ಉಳಿಸು ಎಂದು ಕೈ ಓಡುತ್ತದೆ. ಅದು ಸಹಜ. ಆದರೆ ಕಿರೀಟ ಒದ್ದೆಯಾದರೆ ಒಂದು ಹಗಲು ಹೋಗುತ್ತದೆ. ಲಾರಿ ಹೂತರೆ ಮರುದಿನದ ಬಿಸಿಲೇ ಕೈತಪ್ಪುತ್ತದೆ, ಆಮೇಲೆ ಒದ್ದೆಯಾದದ್ದನ್ನು ಒಣಗಿಸಲು ಹಗಲೂ ಇಲ್ಲ.

ಮೊದಲ ಅರ್ಧ ಗಂಟೆ

9:10ಕ್ಕೆ ಗಾಳಿ, 9:15ಕ್ಕೆ ದಪ್ಪ ಹನಿ. ಹಾಡಿ ಆಟ ನಡೆಸುವ ಭಾಗವತರು ಪದ್ಯ ನಿಲ್ಲಿಸಿದರು, ರಂಗದಲ್ಲಿದ್ದ ವೇಷಗಳು ಚೌಕಿಗೆ ಓಡಿದವು. ದೇವರ ಪೆಟ್ಟಿಗೆಯ ವಿಷಯದಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಚೌಕಿಯಲ್ಲಿ ಪೂಜೆಗೊಂಡ ಗಣಪತಿ ಮತ್ತು ಮೇಳದ ದೇವರು ಎರಡೇ ನಿಮಿಷದಲ್ಲಿ ಸೇವಾಕರ್ತರ ಮನೆಯ ಚಾವಡಿ ಸೇರಿದವು. ಆ ಮೇಲೆ ಯಾವುದು ಎನ್ನುವುದಕ್ಕೆ ಕ್ರಮವಿರಲಿಲ್ಲ, ಕೈಗೆ ಸಿಕ್ಕಿದ್ದನ್ನು ಹೊತ್ತರು.

ಹೆಚ್ಚು ನಷ್ಟ ಮಾಡಿದ್ದು ತೆರೆದಿಟ್ಟ ಮುಚ್ಚಳಗಳು. ವೇಷ ಕಟ್ಟುವ ಹೊತ್ತಿನಲ್ಲಿ ಪೆಟ್ಟಿಗೆಗಳ ಬಾಯಿ ತೆರೆದೇ ಇರುತ್ತದೆ. ಟರ್ಪಾಲಿನ ಮೂಲೆ ಹರಿದು ನೀರು ಒಮ್ಮೆಲೇ ಬಿದ್ದಾಗ ಅದರ ಕೆಳಗಿದ್ದ ಏಳು ಪೆಟ್ಟಿಗೆ ತೊಟ್ಟಿಗಳಂತೆ ತುಂಬಿದವು. ಪಕ್ಕದಲ್ಲೇ ಮುಚ್ಚಿದ್ದ ಎರಡು ಪೆಟ್ಟಿಗೆ, ಮೇಲೆಲ್ಲ ನೀರು ಸುರಿದರೂ, ಒಳಗೆ ಒಣಗಿಯೇ ಇದ್ದವು. ‘ಮೊದಲು ಮುಚ್ಚಳ ಹಾಕು, ಆಮೇಲೆ ಹೊರು’ ಎಂಬ ಒಂದು ಮಾತು ಎಲ್ಲರ ಬಾಯಲ್ಲಿದ್ದಿದ್ದರೆ ಏಳರಲ್ಲಿ ಐದಾದರೂ ಉಳಿಯುತ್ತಿದ್ದವು. ಪೆಟ್ಟಿಗೆಗಳನ್ನು ನೆಲಕ್ಕೆ ತಾಗದಂತೆ ಅಡಿಕೆ ಮರದ ಸೀಳಿನ ಮೇಲೆ ಇಟ್ಟಿದ್ದದ್ದು ಮಾತ್ರ ಸರಿಯಾದ ಕೆಲಸ. ತಳದಿಂದ ನೀರು ಹತ್ತಲಿಲ್ಲ.

ಇನ್ನು ಮಹಿಷಾಸುರ. ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖಕ್ಕೆ ಇಡುವ ಚುಟ್ಟಿ ಅಕ್ಕಿಹಿಟ್ಟು, ಸುಣ್ಣ ಕಲಸಿದ್ದು. ಹನಿಹನಿಯಾಗಿ ಮುಳ್ಳಿನಂತೆ ಎಬ್ಬಿಸುತ್ತ ಹೋಗಲು ಮೂರು ಗಂಟೆ ಹಿಡಿಯುತ್ತದೆ, ಒಣಗಿದ ಮೇಲೆ ಬಿಗಿದು ನಿಲ್ಲುತ್ತದೆ. ನೀರು ತಾಗಿತೆಂದರೆ ಮೆತ್ತಗಾಗಿ ಜಾರುತ್ತದೆ. ಕಲಾವಿದರು ಕೂತಲ್ಲಿಂದ ಕದಲದೆ ಮೊದಲು ಕೊಂಬು ಬಿಚ್ಚಿಸಿಕೊಂಡರು. ನಾಲ್ಕು ಮಂದಿ ಒಂದು ಟರ್ಪಾಲಿನ ನಾಲ್ಕು ಮೂಲೆ ಹಿಡಿದರು. ಅದರಡಿ ಮಹಿಷಾಸುರ ತಲೆ ತಗ್ಗಿಸಿ, ಗಲ್ಲಕ್ಕೆ ಏನೂ ತಾಗದಂತೆ ಎರಡೂ ಕೈ ಮುಖದ ಮುಂದೆ ಗೂಡುಕಟ್ಟಿ, ಕೆಸರಿನಲ್ಲಿ ಎಂಬತ್ತು ಹೆಜ್ಜೆ ನಡೆದು ಮನೆ ಸೇರಿದರು. ಎಡ ದವಡೆಯ ಐದಾರು ಮುಳ್ಳು ಮಾತ್ರ ಕರಗಿದ್ದವು.

ಅಂಗಳದ ಆಟ

ಮುಂದೆ ಮೂರು ದಾರಿ. ಮಳೆ ಬಿಟ್ಟ ಮೇಲೆ ಗದ್ದೆಯಲ್ಲೇ ಮುಂದುವರಿಸುವುದು, ಇದ್ದಲ್ಲಿಗೆ ಮಂಗಳ ಹಾಡಿ ಮುಗಿಸುವುದು, ಇಲ್ಲವೇ ಬೇರೆ ಜಾಗದಲ್ಲಿ ಚಿಕ್ಕದಾಗಿ ಪೂರ್ತಿ ಮಾಡುವುದು. ಊರಿನ ಯುವಕರಿಗೆ ಮೊದಲನೆಯದೇ ಬೇಕಿತ್ತು. ಕೆಸರು ಮತ್ತು ಒದ್ದೆ ವಯರಿನಿಂದಾಗಿ ಅದು ಆಗುವಂತಿರಲಿಲ್ಲ. ಹರಕೆಯ ದೇವಿಮಹಾತ್ಮೆಯನ್ನು ಮಹಿಷನ ವಧೆಯೂ ಆಗದೆ ನಿಲ್ಲಿಸಲು ಸೇವಾಕರ್ತರ ಮನೆಯ ಹಿರಿಯರು ಒಪ್ಪಲಿಲ್ಲ. ‘ಭಾಗವತರೇ, ಅಂಗಳಕ್ಕೆ ಶೀಟು ಉಂಟು, ಅಲ್ಲೇ ಒಂದಿಷ್ಟು ಮಾಡಿ ಮುಗಿಸ್ಲಿಕ್ಕಾಗ್ತದಾ?’ ಎಂದು ಕೇಳಿದವರು ಮನೆಯ ಅಮ್ಮ.

ಆಗುತ್ತದೆ, ಆದರೆ ಆ ನಿರ್ಧಾರ ಭಾಗವತರದ್ದು. ಉಳಿದ ಪ್ರಸಂಗದಿಂದ ಯಾವ ಪದ್ಯ ಇಟ್ಟುಕೊಳ್ಳುವುದು, ಎಲ್ಲಿಂದ ಎಲ್ಲಿಗೆ ಹಾರುವುದು ಎಂದು ಅವರು ಚಾವಡಿಯಲ್ಲಿ ನಿಂತೇ ಹತ್ತು ನಿಮಿಷದಲ್ಲಿ ಹೇಳಿದರು. ಮಹಿಷವಧೆಗೆ 35 ನಿಮಿಷ. ಚಂಡಮುಂಡರು ಮಾತಿನಲ್ಲೇ ಮುಗಿಯಬೇಕು. ರಕ್ತಬೀಜನಿಗೆ ಒಂದು ಪ್ರವೇಶ, ಒಂದು ಯುದ್ಧ. ಶುಂಭ ನಿಶುಂಭರಿಗೆ ಎರಡೆರಡು ಪದ್ಯ. ಬಳಿಕ ಮಂಗಳ. ಮೈಕಿಲ್ಲ, ಒಂದು ಚೆಂಡೆ, ಒಂದು ಮದ್ದಳೆ. ದೊಂದಿ ಹಿಡಿದು ಜನರ ನಡುವಿನಿಂದ ಬರುವ ಮಹಿಷನ ಪ್ರವೇಶಕ್ಕೆ ಅಲ್ಲಿ ಜಾಗವಿಲ್ಲ; ಶೀಟಿನಡಿ ಬೆಂಕಿ ತರುವಂತೆಯೂ ಇಲ್ಲ. ಅಡಿಕೆ ರಾಶಿಯ ಹಿಂದಿನಿಂದ ಒಂದು ಆರ್ಭಟೆ, ಅಷ್ಟೇ. ಶೀಟಿನ ಮೇಲೆ ಮಳೆ ಬಡಿಯುವಾಗ ಅರ್ಥದ ಮಾತು ಎರಡನೇ ಸಾಲಿಗೇ ಕೇಳುತ್ತಿರಲಿಲ್ಲ, ಹಾಗಾಗಿ ಮಾತು ಕಡಿಮೆ ಮಾಡಿ ಕುಣಿತ ಹೆಚ್ಚು ಮಾಡಿದರು. 10:05ಕ್ಕೆ ಶುರುವಾದದ್ದು 11:20ಕ್ಕೆ ಮುಗಿಯಿತು. ಮಂಗಳ ಹಾಡಿದ್ದರಿಂದ ಸೇವೆ ಪೂರ್ತಿಯಾದ ಲೆಕ್ಕ, ವೀಳ್ಯದಲ್ಲಿ (ಆಟಕ್ಕೆ ಮೇಳಕ್ಕೆ ಕೊಡುವ ಹಣ) ಚೌಕಾಶಿ ಬರಲಿಲ್ಲ.

ಮಳೆ ನಿಂತದ್ದು 10:30ಕ್ಕೆ. ಆ ಹೊತ್ತಿಗೆ ಲಾರಿಯ ಹಿಂದಿನ ಚಕ್ರಗಳಡಿ ಗದ್ದೆ ಗಂಜಿಯಾಗಿತ್ತು. ಆದರೂ ಅದಕ್ಕೇ ಪೆಟ್ಟಿಗೆ ಏರಿಸಿದರು! ತುಂಬಿದ ಲಾರಿ 12:10ಕ್ಕೆ ಒಂದು ಗಜ ಮುಂದೆ ಹೋಗಿ ಆ್ಯಕ್ಸಲ್‌ವರೆಗೆ ಕೂತಿತು. ಚಕ್ರದಡಿ ಮಡಲು, ಕಲ್ಲು, ರಂಗಸ್ಥಳದ ಎರಡು ಹಲಗೆ ಕೊಟ್ಟರು, ಹಲಗೆಗಳು ಮುರಿದವು. ಟ್ರ್ಯಾಕ್ಟರು ಎಳೆದು ಸೋತಿತು. 2:30ಕ್ಕೆ ಜೆಸಿಬಿ ಬಂದು ಎತ್ತಿತು. ಹೂತ ಗಾಡಿಯಲ್ಲಿ ಚಾಲಕ ಆ್ಯಕ್ಸಿಲರೇಟರ್ ತುಳಿದಷ್ಟೂ ಗುಂಡಿ ಆಳವಾಗುತ್ತದೆ. ಮೊದಲ ಸಲ ಚಕ್ರ ಬರಿದೇ ತಿರುಗಿದಾಗಲೇ ನಿಲ್ಲಿಸಿ, ಭಾರ ಇಳಿಸಿ, ಟಯರಿನ ಗಾಳಿ ಸ್ವಲ್ಪ ಬಿಟ್ಟಿದ್ದರೆ ಟ್ರ್ಯಾಕ್ಟರಿಗೇ ಬರುವ ಸಾಧ್ಯತೆ ಇತ್ತು.

ಮೂರು ಗಂಟೆಗೆ ವ್ಯವಸ್ಥಾಪಕರು ತೆಗೆದುಕೊಂಡ ತೀರ್ಮಾನ ಇಡೀ ಪ್ರಕರಣದಲ್ಲೇ ಬುದ್ಧಿವಂತಿಕೆಯದ್ದು: ಲಾರಿ ಈಗ ಹೊರಡುವುದು ಬೇಡ. ಚಾಲಕ 9:15ರಿಂದ ಎದ್ದಿದ್ದಾರೆ, ಎರಡು ಗಂಟೆ ಮಲಗಲಿ. ಬೈಕಿನಲ್ಲಿ ಬಂದವರೂ ಒಂಟಿಯಾಗಿ ಹೊರಡಬಾರದು, ಬಸ್ಸಿಗೆ ಹತ್ತಲಿ, ಬೈಕು ಇಲ್ಲೇ ಇರಲಿ. ಆಟ ಮುಗಿಸಿ ನಿದ್ದೆಗಣ್ಣಿನಲ್ಲಿ ಬೈಕು ಓಡಿಸಿ ರಸ್ತೆಯಲ್ಲೇ ಜೀವ ಬಿಟ್ಟ ಕಲಾವಿದರು ಕರಾವಳಿಯಲ್ಲಿ ಒಬ್ಬಿಬ್ಬರಲ್ಲ. 5:15ಕ್ಕೆ ಲಾರಿ ಹೊರಟಿತು, 6:40ಕ್ಕೆ ಮುಂದಿನ ಊರು ತಲುಪಿತು.

ಒಣಗಿಸುವ ಹಗಲು

ಮೇ ತಿಂಗಳಲ್ಲಿ ಹಗಲಿನ ಬಿಸಿಲು ನಂಬಬಹುದಾದದ್ದು ಸುಮಾರು 8ರಿಂದ 2ರ ತನಕ. ಆಮೇಲೆ ಮೋಡ ಕಟ್ಟುತ್ತದೆ. ಆರು ಗಂಟೆಯಲ್ಲಿ ಏಳು ಪೆಟ್ಟಿಗೆ ಒಣಗಬೇಕು. ಯಾವ ವೇಷ ಮೊದಲು ರಂಗಕ್ಕೆ ಹೋಗುತ್ತದೆ ಎಂದು ನೋಡಿ ಸಾಲು ಹಚ್ಚುವುದು ಸಾಮಾನ್ಯ ತಪ್ಪು. ನೋಡಬೇಕಾದದ್ದು ಯಾವುದು ನಿಧಾನಕ್ಕೆ ಒಣಗುತ್ತದೆ ಎನ್ನುವುದನ್ನು. ಹತ್ತಿಯ ಸೀರೆ ಎರಡು ಗಂಟೆಯಲ್ಲಿ ಒಣಗಿದರೆ ಮಕಮಲ್ಲಿನ ದಗಲೆಗೆ (ವೇಷದ ಮೇಲಂಗಿ) ಐದಾರು ಗಂಟೆ ಬೇಕು. ಮೈ ತುಂಬಿಸಲು ಒಳಗೆ ಕಟ್ಟುವ ದಪ್ಪ ಬಟ್ಟೆಗೆ ಇಡೀ ದಿನ. ಹಾಗಾಗಿ ಒಳಗಟ್ಟು ಮೊದಲು, ದಗಲೆ ಆಮೇಲೆ, ಸೀರೆ ಕೊನೆಗೆ.

ಬೆವರು ಹೀರಿ ಮಳೆಯಲ್ಲಿ ನೆನೆದ ಬಟ್ಟೆಯನ್ನು ಹಾಗೇ ಒಣಹಾಕಿದರೆ ಉಪ್ಪಿನ ಗೆರೆ ಉಳಿಯುತ್ತದೆ, ಚರ್ಮ ತುರಿಸುತ್ತದೆ. ಒಮ್ಮೆ ಸಿಹಿನೀರಿನಲ್ಲಿ ಅದ್ದಿ ಹಿಂಡಬೇಕು. ಕೆಂಪು ಬಟ್ಟೆಯನ್ನು ಹಳದಿಯ ಜೊತೆ ಅದ್ದಬಾರದು, ಜರಿ ಇದ್ದದ್ದನ್ನು ಹಿಂಡಬಾರದು, ದಗಲೆಯನ್ನು ಒಳಮೈ ಹೊರಗೆ ಮಾಡಿ ಹರವಬೇಕು. ಇವರು ಸೀರೆಗಳನ್ನೆಲ್ಲ ಒಂದೇ ಬಕೆಟಿಗೆ ಹಾಕಿದ್ದರಿಂದ ಎರಡು ಹಳದಿ ಅಂಚು ಕೇಸರಿಗೆ ತಿರುಗಿದವು.

ಕಿರೀಟ, ಭುಜಕೀರ್ತಿ, ಎದೆಪದಕಕ್ಕೆ ಬಿಸಿಲು ತೋರಿಸಲೇಬಾರದು. ಹಗುರ ಮರದ ಮೇಲೆ ಬೇಗಡೆ (ಹೊಳೆಯುವ ತೆಳು ಹಾಳೆ) ಅಂಟಿಸಿದ ಸಾಮಾನು ನೆನೆದರೆ ಫೆವಿಕಾಲ್ ಮತ್ತೆ ಹಾಲಿನಂತೆ ಬಿಳಿಚಿ ಸಡಿಲವಾಗುತ್ತದೆ. ಬಿಸಿಲಿಗಿಟ್ಟರೆ ಮರ ಬಿರಿಯುತ್ತದೆ, ಮೇಣದಲ್ಲಿ ಕೂರಿಸಿದ ಕನ್ನಡಿ ಚೂರು ಜಾರುತ್ತದೆ. ನೆರಳಿನಲ್ಲಿ ಫ್ಯಾನು ಹಾಕಿ, ಕಿರೀಟದೊಳಗೆ ಹಳೇ ಪೇಪರು ತುರುಕಿ, ಗಂಟೆಗೊಮ್ಮೆ ಪೇಪರು ಬದಲಿಸುವುದೇ ದಾರಿ. ನಾಲ್ಕನೇ ಸಲ ಹೊರಬಂದ ಪೇಪರು ಮುಟ್ಟಿದರೆ ಗರಿಗರಿ ಎನ್ನಬೇಕು. ಎದ್ದ ಬೇಗಡೆಯನ್ನು ಅದು ಪೂರ್ತಿ ಒಣಗಿದ ಮೇಲೆಯೇ ಅಂಟಿಸಬೇಕು, ಇಲ್ಲದಿದ್ದರೆ ಅಡಿಯಲ್ಲಿ ಬೂಷ್ಟು ಹಿಡಿಯುತ್ತದೆ.

ಗೆಜ್ಜೆಯ ಚರ್ಮದ ಪಟ್ಟಿಗೂ ನೆರಳೇ ಗತಿ. ಬಿಸಿಲಿಗೆ ಹಾಕಿದರೆ ಹಲಗೆಯಂತಾಗಿ ಕಣಕಾಲು ಕೊರೆಯುತ್ತದೆ.

ಮದ್ದಳೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ತೇವ ಕುಡಿದ ಚರ್ಮ ಸಡಿಲಾಗಿ ಶ್ರುತಿ ಇಳಿಯುತ್ತದೆ. ಕೂಡಲೇ ಬಿಗಿದು ಏರಿಸಿದರೆ, ಒಣಗುತ್ತ ಬಂದಾಗ ಅದೇ ಚರ್ಮ ಇನ್ನೂ ಸೆಳೆದು ಮುಚ್ಚಿಗೆ, ಅಂದರೆ ಮದ್ದಳೆಯ ಬಾಯಿಗೆ ಬಿಗಿದ ಚರ್ಮದ ಹೊದಿಕೆ, ಹರಿಯುವುದುಂಟು. ಬಲ ಮುಚ್ಚಿಗೆಯ ನಡುವಿನ ಕಪ್ಪು ಲೇಪವನ್ನು, ಅಂದರೆ ಕರಣೆಯನ್ನು, ಅನ್ನ ಮತ್ತು ಕಿಟ್ಟದ ಪುಡಿ ಅರೆದು ಪದರ ಪದರವಾಗಿ ತಿಕ್ಕಿ ಕೂರಿಸಿರುತ್ತಾರೆ. ಅದಕ್ಕೆ ನೀರೂ ಆಗದು, ಬೆಂಕಿಯೂ ಆಗದು. ಒಣಬಟ್ಟೆಯಲ್ಲಿ ಒತ್ತಿ ತೆಗೆದು, ಎಳೆಬಿಸಿಲಿಗೆ ಹತ್ತು ನಿಮಿಷ, ನೆರಳಿಗೆ ಅರ್ಧ ಗಂಟೆ, ಹೀಗೆ ನಾಲ್ಕೈದು ಬಾರಿ. ಅಂಗಳದ ಆಟಕ್ಕೆ ಬಳಸಿದ ಮದ್ದಳೆಗೆ ಇಷ್ಟು ಸಮಯ ಯಾರೂ ಕೊಡಲಿಲ್ಲ. ಮಧ್ಯಾಹ್ನ ಒಲೆಯ ಬಳಿ ಹಿಡಿದು ಬಿಸಿ ಮಾಡಿದರು. ಚೆಂಡೆ ಮಾತ್ರ ಹತ್ತಿರದಲ್ಲೇ ಕ್ಯಾಂಪು ಇದ್ದ ಇನ್ನೊಂದು ಮೇಳದಿಂದ ಎರವಲು ಬಂತು. ಇಂಥ ಹೊತ್ತಿನಲ್ಲಿ ಮೇಳ ಮೇಳಗಳ ನಡುವೆ ಲೆಕ್ಕಪತ್ರ ಇರುವುದಿಲ್ಲ.

ಮರುರಾತ್ರಿಯ ಸೇವಾಕರ್ತರು ಕೇಳಿದ್ದ ಪ್ರಸಂಗದಲ್ಲಿ ಎರಡು ಬಣ್ಣದ ವೇಷವಿತ್ತು. ಒಂದರ ಸಾಮಾನು ಸಂಜೆಗೆ ಸಿದ್ಧವಾಗುವುದಿಲ್ಲ ಎಂದು 9 ಗಂಟೆಗೇ ಗೊತ್ತಾಗಿತ್ತು. ಹರಕೆಯ ಪ್ರಸಂಗವನ್ನು ಮೇಳ ತಾನಾಗಿ ಬದಲಿಸುವಂತಿಲ್ಲ. ಫೋನು ಮಾಡಬೇಕಾದದ್ದು ಬೆಳಿಗ್ಗೆಯೇ. ಇವರು ಮಾಡಿದ್ದು ಸಂಜೆ 4ಕ್ಕೆ, ಆಗ ಆ ಮನೆಯಲ್ಲಿ ನೆಂಟರು ತುಂಬಿದ್ದರು, ಹೆಸರು ಹಾಕಿಸಿದ ಕರೆಯೋಲೆ ಎಲ್ಲರ ಕೈಯಲ್ಲಿತ್ತು. ಮಾತು ಬೆಳೆಯಿತು. ಕೊನೆಗೆ ಪ್ರಸಂಗ ಉಳಿಯಿತು, ಎರಡನೇ ಬಣ್ಣದ ವೇಷ ಕಿರೀಟದ ವೇಷವಾಗಿ ಬಂತು. ಪ್ರಸಂಗಕ್ಕೆ ಮುಂಚಿನ ಪೂರ್ವರಂಗದ ಕುಣಿತಗಳಲ್ಲಿ ಕೋಡಂಗಿ, ಬಾಲಗೋಪಾಲ ಬಿಟ್ಟು ಉಳಿದದ್ದನ್ನು ಕೈಬಿಟ್ಟರು. ಆರು ಗಂಟೆಯ ಆಟ 6:40ಕ್ಕೆ ಶುರುವಾಗಿ 12:30ಕ್ಕೇ ಮುಗಿಯಿತು. ಮಹಿಷಾಸುರ ಮಾಡಿದ್ದ ಕಲಾವಿದರು ಆ ರಾತ್ರಿ ಚುಟ್ಟಿ ಇಡಲಿಲ್ಲ. ಹಿಂದಿನ ರಾತ್ರಿ ಅವಸರದಲ್ಲಿ ಕಿತ್ತಿದ್ದರಿಂದ ಗಲ್ಲದ ಚರ್ಮ ಎದ್ದಿತ್ತು.

ಅಂದು ಲಾರಿ ನಿಂತದ್ದು ಡಾಂಬರು ರಸ್ತೆಯಲ್ಲಿ, ಮುಖ ಹೊರಡುವ ದಿಕ್ಕಿಗೆ. ಪೆಟ್ಟಿಗೆಗಳನ್ನು 200 ಮೀಟರ್ ಹೊತ್ತರು. ಚೌಕಿಯ ಟರ್ಪಾಲಿಗೆ ನಡುವೆ ಅಡ್ಡೆ ಕೊಟ್ಟಿದ್ದರು. ಮಳೆ ಬರಲಿಲ್ಲ.

ಒಲೆಯ ಬಳಿ ಹಿಡಿದ ಮದ್ದಳೆ ಆ ರಾತ್ರಿ ನುಡಿಯಿತು. ಮೂರನೇ ರಾತ್ರಿ ಒಡ್ಡೋಲಗದ (ಪಾತ್ರಗಳು ವೈಭವದಿಂದ ಮೊದಲು ರಂಗಕ್ಕೆ ಬರುವ ಭಾಗ) ನಡುವೆ ಕರಣೆಯಲ್ಲಿ ಕೂದಲಿನಷ್ಟು ಬಿರುಕು ಕಾಣಿಸಿತು, ಹೊತ್ತು ಏರುತ್ತಿದ್ದಂತೆ ಬೆರಳುಗುರಿನಷ್ಟು ಚೂರು ಎದ್ದು ಬಂತು. ಪತ್ತನಾಜೆಯವರೆಗೆ ಎರವಲು ಮದ್ದಳೆಯಲ್ಲೇ ಆಟ.